ಹುಲ್ಲು ಯಾರದು?

ನಮ್ಮ ಗೋಮಾಳಕ್ಕೆ ಪರವೂರಿನ ದನ ಹೊಕ್ಕರೆ ನಾವು ಕೋಲೆತ್ತುತ್ತೇವೆ. ಜಿಂಕೆ ಬಂದರೆ ಕಲ್ಲು ಹುಡುಕುತ್ತೇವೆ. ನಮ್ಮ ದನ ತಿನ್ನಬೇಕಾದ ಹುಲ್ಲನ್ನು ಬೇರೊಂದು ಬಾಯಿ ತಿಂದರೆ ಅದು ಕಳ್ಳತನವೆಂದು ಎಣಿಸುವದು ನಮಗೆ ಸಹಜವಾಗಿದೆ. ಈ ಎಣಿಕೆ ನ್ಯಾಯವಾದದ್ದೋ? ಇದನ್ನು ವಿಚಾರಿಸುವದಕ್ಕಾಗಿ, ಪ್ರಿಯ ವಾಚಕರೇ, ನಿಮ್ಮನ್ನು ಆಫ್ರಿಕಾ ಖಂಡದ ಕೆನ್ಯ ದೇಶಕ್ಕೆ ಕರೆದುಕೊಂಡು ಹೋಗುತ್ತೇವೆ.

ಅಲ್ಲಿ ಕೆನ್ಯ ಪರ್ವತದ ವಾಯವ್ಯ ದಿಕ್ಕಿಗೆ ಲೈಕಿಪಿಯ ಎಂಬ ಎತ್ತರದ ಬೈಲುಸೀಮೆಯುಂಟು. ಒಂದೊಂದು ಒಡೆತನಕ್ಕೆ ಸೇರಿದ ಸಾವಿರಾರು ಎಕರೆ ಹುಲ್ಲುಗಾವಲುಗಳಿಗೆ ರಾಂಚುಗಳೆಂದು ಹೆಸರು. ಬೋರಾನ್ ಎಂಬ ಜಾತಿಯ ದನಗಳು ಮೇಯುವ ನೆಲದಲ್ಲಿಯೇ ಆನೆಗಳೂ ಜಿರಾಫೆಗಳೂ ಜಿಂಕೆಗಳೂ ಜೀಬ್ರಗಳೆಂಬ ಪಟ್ಟೆಕುದುರೆಗಳೂ ಸಂಚರಿಸುತ್ತವೆ. ಸಿಂಹವೂ ಕತ್ತೆಕಿರುಬವೂ ಇವೆ.

ಅಲ್ಲಿಯ ದನಗಾಹಿಯ ದಿನವು ಎಣಿಕೆಯಿಂದಲೇ ಮುಗಿಯುವದು. ಹೊತ್ತು ಇಳಿಯುವಾಗ ಅವನು ಮಂದೆಯನ್ನು ಎಣಿಸಿ ದೊಡ್ಡಿಗೆ ಸೇರಿಸುತ್ತಾನೆ. ಬೋಮ ಎಂದು ಕರೆಯಲ್ಪಡುವ ಈ ದೊಡ್ಡಿಯನ್ನು ಮುಂಚೆ ಮುಳ್ಳುಕೊಂಬೆಗಳಿಂದ ಕಟ್ಟುತ್ತಿದ್ದರು. ಈಗ ಅನೇಕ ಕಡೆಗಳಲ್ಲಿ ಕಳಚಿ ಒಯ್ಯತಕ್ಕ ಕಬ್ಬಿಣದ ತಡಿಕೆಗಳಿವೆ. ರಾತ್ರಿ ಅವನು ಅದರ ಮಗ್ಗುಲಲ್ಲಿಯೇ ಮಲಗುತ್ತಾನೆ. ಯಾಕಂದರೆ ಸಿಂಹದ ವಾಸನೆಗೆ ಬೆದರಿದ ದನಗಳು ಬೇಲಿಯನ್ನು ಮುರಿದು ಕತ್ತಲೆಗೆ ಓಡಿದರೆ ಸಿಂಹಕ್ಕೆ ಬೇರೆ ಕಷ್ಟವಿಲ್ಲ. ಬೆಳಿಗ್ಗೆ ಮಂದೆಯನ್ನು ಬಿಟ್ಟು ದಿನವೆಲ್ಲಾ ಅದರ ಜೊತೆಯಲ್ಲಿ ನಡೆಯುತ್ತಾನೆ. ಕೆಲವು ದಿನಗಳು ಅಥವಾ ಕೆಲವು ವಾರಗಳು ಕಳೆಯಲು, ದೊಡ್ಡಿಯನ್ನೇ ಕಿತ್ತು ಮುಂದಿನ ಮೇವಿಗೆ ಸಾಗಿಸುತ್ತಾರೆ. ಒಮ್ಮೆ ಕಚ್ಚಲ್ಪಟ್ಟ ಹುಲ್ಲು ಚಿಗುರಿ ಬೇರಿಗೆ ಬಲ ಸೇರುವ ಮುಂಚೆ ತಿರಿಗಿ ತಿರಿಗಿ ಕಚ್ಚಲ್ಪಟ್ಟರೆ ಅದು ಸೊರಗಿ ಸಾಯುವದು. ಬಿಟ್ಟುಹೋದ ದೊಡ್ಡಿಯ ಸಗಣಿಯಾದರೋ ವ್ಯರ್ಥವಾಗದು. ಹತ್ತಾರು ವರುಷಗಳಾದ ಮೇಲೆಯೂ ಅಲ್ಲಿಯ ಹುಲ್ಲು ಸಾರವುಳ್ಳದ್ದಾಗಿದ್ದು ಜಿಂಕೆಗಳನ್ನು ಕೂಡಿಸುತ್ತದೆ. ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ನಮ್ಮ ರೈತನಿಗೆ ಈ ಗುಟ್ಟನ್ನು ಹೇಳಿಕೊಡಬೇಕಾಗಿಲ್ಲ.

ಪಟ್ಟೆಕುದುರೆಯನ್ನು ಅಲ್ಲಿಯ ದನದ ಒಡೆಯರು ಬಹುಕಾಲ ಹುಲ್ಲುಗಳ್ಳನೆಂದೇ ದೂರಿದರು. ಆದರೆ ಅದೇ ಸೀಮೆಯ ಎಂಪಾಲ ಎಂಬ ಸ್ಥಳದಲ್ಲಿ ವಿದ್ವಾಂಸರು 1995ರಿಂದ ನೆಲವನ್ನು ತುಂಡುತುಂಡಾಗಿ ಬೇಲಿ ಹಾಕಿ, ಕೆಲವದರಲ್ಲಿ ದನಗಳನ್ನು ಮಾತ್ರ, ಕೆಲವದರಲ್ಲಿ ಕಾಡುಮೃಗಗಳನ್ನೂ ಮೇಯಗೊಟ್ಟು ಪರೀಕ್ಷಿಸುತ್ತಾ ಬಂದರು. 2011ರಲ್ಲಿ ಪ್ರಕಟವಾದ ಫಲವೇನಂದರೆ: ಒಣಗಾಲದಲ್ಲಿ ಕಾಡುಮೃಗಗಳೊಡನೆ ಮೇಯ್ದ ದನಗಳ ಮೈ ಕಡಿಮೆ ಬೆಳೆಯಿತು, ಮಳೆಗಾಲದಲ್ಲಿಯಾದರೋ ಅವುಗಳೊಡನೆ ಮೇಯ್ದ ದನಗಳೇ ಹೆಚ್ಚು ಬೆಳೆದವು. ಹುಲ್ಲಿನ ಒಣಕಡ್ಡಿಗಳನ್ನು ಮೃಗಗಳು ತಿಂದುಬಿಡುವದರಿಂದ ದನಕ್ಕೆ ಎಳೆಯ ಮೇವು ದೊರಕುವದು. ಹೀಗಿರಲಾಗಿ ಒಂದೇ ಪ್ರಾಣಿಯು ಒಂದು ಕಾಲದಲ್ಲಿ ಪ್ರತಿಸ್ಪರ್ಧಿ, ಇನ್ನೊಂದು ಕಾಲದಲ್ಲಿ ಜೊತೆಗಾರ. ನಾವು ಮಾತ್ರ ಹಸಿದ ತಿಂಗಳಲ್ಲಿ ಕೊಟ್ಟ ತೀರ್ಪನ್ನು ವರುಷಕ್ಕೆಲ್ಲಾ ನಿಲ್ಲಿಸುತ್ತೇವೆ.

ಇಷ್ಟಕ್ಕೇ ಲೇಖನಿಯನ್ನು ಇಟ್ಟರೆ ಸುಲಭವಾದ ಮಾತನ್ನೇ ಆಡಿದವರಾಗುವೆವು. 2017ರಲ್ಲಿ ಆ ಸೀಮೆಗೆ ಬರ ಬಿತ್ತು. ಹುಲ್ಲಿಲ್ಲದ ಹೊರಗಿನ ದನಗಾಹಿಗಳು ಸಾವಿರಾರು ದನಗಳನ್ನು ರಾಂಚುಗಳೊಳಕ್ಕೆ ನುಗ್ಗಿಸಿದರು. ಕೆಲವರ ಕೈಯಲ್ಲಿ ಬಂದೂಕಿತ್ತು. ರಾಜಕೀಯದ ಕಿಚ್ಚೂ ಸೇರಿತ್ತು. ಮನುಷ್ಯರೂ ಮೃಗಗಳೂ ಸತ್ತರು. ಇದಕ್ಕೆ ಹಿಂದಣ ಕಥೆಯೊಂದುಂಟು. 1911ರ ಒಡಂಬಡಿಕೆಯ ಮೇರೆಗೆ ಇಂಗ್ಲಿಷ್ ಸರಕಾರದವರು ಮಸಾಯಿ ಜನರನ್ನು ಇದೇ ಲೈಕಿಪಿಯದಿಂದ ದಕ್ಷಿಣಕ್ಕೆ ಸಾಗಿಸಿ ನೆಲವನ್ನು ಬಿಳಿಯರಿಗೆ ಕೊಟ್ಟಿದ್ದರು. ನುಗ್ಗಿದವರೆಲ್ಲರೂ ಆ ಜನರ ಮಕ್ಕಳಲ್ಲವೆಂಬದು ನಿಜ. ಆದರೂ ಬೇಲಿಯ ಹುಟ್ಟನ್ನು ಮರೆತು ಬೇಲಿಯ ನ್ಯಾಯವನ್ನು ಮಾತಾಡಲಾಗದು.

ಮೃಗಕ್ಕೆ ಹುಲ್ಲು ಬಿಡುವವನು ನೆರೆಯವನ ಸಾಯುವ ಹಸುವನ್ನು ತಡೆಯಬಹುದೋ? ತಡೆಯದೆ ಎಲ್ಲವನ್ನೂ ಒಳಗೆ ಬಿಟ್ಟರೆ ಒಂದು ತಿಂಗಳಲ್ಲಿ ಅವನ ದನಕ್ಕೂ ನೆರೆಯವನ ಹಸುವಿಗೂ ಏನೂ ಉಳಿಯದು. ಹುಲ್ಲಿಗೆ ವಿಶ್ರಾಂತಿ ಕೊಟ್ಟು ಕಾದವನಿಗೆ ಅದರಲ್ಲಿ ಹಕ್ಕು ಇದೆಯೆಂದೇ ನಾವು ಎಣಿಸುತ್ತೇವೆ. ಆದರೆ ಹಸಿವಿನ ಮುಂದೆ ಆ ಹಕ್ಕು ಪೂರ್ಣವಾದದ್ದೆಂದು ಹೇಳುವ ಧೈರ್ಯ ನಮಗಿಲ್ಲ. ಅಲ್ಲಿಯ ಕೆಲವು ರಾಂಚುಗಳವರು ನೆರೆಯವರ ದನಗಳನ್ನು ಇಷ್ಟೆಂದು ಗೊತ್ತುಮಾಡಿ, ಹುಲ್ಲುಹಣ ತೆಗೆದುಕೊಂಡು ಒಳಗೆ ಮೇಯಗೊಟ್ಟದ್ದುಂಟು. ಇದು ಕೋಲಿಗಿಂತಲೂ ಬಂದೂಕಿಗಿಂತಲೂ ಒಳ್ಳೆಯದೆಂಬದಕ್ಕೆ ಸಂದೇಹವಿಲ್ಲ. ಒಂದೇ ಹಸುವುಳ್ಳ ಬಡವನು ಬರಗಾಲದಲ್ಲಿ ಆ ಹುಲ್ಲುಹಣವನ್ನು ಎಲ್ಲಿಂದ ತಂದಾನೆಂಬದಕ್ಕೆ ಮಾತ್ರ ನಮಗೆ ಉತ್ತರ ತೋಚಲಿಲ್ಲ.