ಹಿತ್ತಲಿಗೆ ಬಂದ ಮೊಲ

ನಮ್ಮ ಮನೆಯ ಹಿತ್ತಲಿಗೆ ಬೇಲಿಯಿಲ್ಲ. ಹಿತ್ತಲು ಮುಗಿದಲ್ಲಿ ಕಡಲೆಕಾಯಿ ಹೊಲ, ಅದರಾಚೆ ಜಾಲಿ, ಲಂಟಾನ ಬೆಳೆದ ಬೀಳು. ಶಿರಾ ಕಡೆಯ ಈ ಬಯಲಿನಲ್ಲಿ ಹೊತ್ತು ಮುಳುಗಿದ ಮೇಲೆ ಆ ಬೀಳಿನಿಂದ ಮೊಲ ಬರುತ್ತದೆ. ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ, ಕಿವಿ ನಿಗುರಿಸುತ್ತದೆ, ಮತ್ತೆ ಮೇಯುತ್ತದೆ. ಕತ್ತಿನ ಹಿಂದಿನ ಕಪ್ಪು ಮಚ್ಚೆ ಆ ಮಬ್ಬಿನಲ್ಲೂ ಕಾಣುತ್ತದೆ. ಪ್ರಬಂಧ ಬರೆಯಲೆಂದು ಊರಿಗೆ ಬಂದು ಕೂತ ನನಗೆ ದಿನದ ಅತಿ ಒಳ್ಳೆಯ ಹತ್ತು ನಿಮಿಷವೆಂದರೆ ಅದೇ. ನಾನು ಸಾಕಿದ್ದಲ್ಲ, ಕರೆದಿದ್ದಲ್ಲ, ನನ್ನಿಂದ ಅದಕ್ಕೆ ಏನೂ ಬೇಕಿಲ್ಲ. ಹಾಗಾಗಿ ನನ್ನ ಈ ಸಂತೋಷ ಯಾರಿಗೂ ಭಾರವಲ್ಲ ಎಂದೇ ನಂಬಿದ್ದೆ.

ಕಳೆದ ಮುಂಗಾರಿನಲ್ಲಿ ಆ ನಂಬಿಕೆ ಹೋಯಿತು.

ಒಂದು ಮಧ್ಯಾಹ್ನ ಬದುವಿನ ಹುಲ್ಲಿನಲ್ಲಿ ಅಂಗೈಯಷ್ಟು ದೊಡ್ಡ ಮರಿಯೊಂದು ಸಿಕ್ಕಿತು. ಮೈತುಂಬ ಕೂದಲು, ತೆರೆದ ಕಣ್ಣು, ಮುಟ್ಟಿದರೂ ಅಲುಗಾಡಲಿಲ್ಲ. ಸುತ್ತ ತಾಯಿಯ ಸುಳಿವಿಲ್ಲ, ಮೋಡ ಕವಿದಿತ್ತು, ಊರ ನಾಯಿಗಳು ಅಲ್ಲೇ ಅಡ್ಡಾಡುತ್ತಿದ್ದವು. ತಬ್ಬಲಿ ಎಂದುಕೊಂಡು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ಅಜ್ಜಿ ನೋಡಿದವಳೇ, "ಅದನ್ನ ಎತ್ತಿದ ಜಾಗದಲ್ಲೇ ಇಟ್ಟು ಬಾ ಮಗಾ, ಅದರವ್ವ ಬತ್ತಾಳೆ" ಎಂದಳು. ನಾಯಿ ತಿನ್ನುವುದಿಲ್ಲವಾ ಎಂದು ನಾನು ವಾದಕ್ಕಿಳಿದೆ. ಡ್ರಾಪರ್‌ನಲ್ಲಿ ಹಸುವಿನ ಹಾಲು ಕುಡಿಸಿದೆ. ಆ ಸಂಜೆ ಎಂದಿಗಿಂತ ಬೇಗನೆ ಮೊಲ ಕಾಣಿಸಿತು; ಬದುವಿನ ಉದ್ದಕ್ಕೂ ಹೋಗಿ ಬಂದು, ಹಿತ್ತಲಿನ ಕಲ್ಲಿನವರೆಗೂ ಬಂತು. ಅಷ್ಟು ಹತ್ತಿರ ಅದು ಎಂದೂ ಬಂದಿರಲಿಲ್ಲ. ನಾನು ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನೋಡಿ ಆನಂದಪಟ್ಟೆ. ಗೆಳತಿಗೆ ಫೋನು ಮಾಡಿ ವರ್ಣಿಸಿದೆ ಕೂಡ. ಮೂರನೆಯ ದಿನ ಮರಿ ಸತ್ತಿತು.

ಆಮೇಲೆ ಓದಿದೆ. ನಾವು ಗೂಡಿನಲ್ಲಿ ಸಾಕುವ ಮೊಲವೂ ನಮ್ಮ ಹೊಲದ ಮೊಲವೂ ಕನ್ನಡದಲ್ಲಿ ಒಂದೇ ಹೆಸರಿನವು, ಆದರೆ ಬೇರೆ ಬೇರೆ ಪ್ರಾಣಿಗಳು. ಸಾಕುಮೊಲ ಯುರೋಪಿನ ಮೂಲದ್ದು. ಬಿಲ ತೋಡಿ, ಕಣ್ಣು ತೆರೆಯದ ಬೆತ್ತಲೆ ಮರಿಗಳನ್ನು ಹಾಕುತ್ತದೆ. ಹೊಲದ ಮೊಲಕ್ಕೆ ಬಿಲವಿಲ್ಲ. ಹುಲ್ಲಿನಲ್ಲಿ ಮೈಯಿಂದ ಒತ್ತಿದ ಒಂದು ತಗ್ಗೇ ಅದರ ಮನೆ. ತನ್ನ ವಾಸನೆ ಹಿಡಿದು ನರಿ ನಾಯಿಗಳು ಮರಿಯ ಬಳಿ ಬಾರದಿರಲೆಂದೋ ಎಂಬಂತೆ ತಾಯಿ ದಿನವಿಡೀ ದೂರವೇ ಇರುತ್ತದೆ; ಕತ್ತಲಾದ ಮೇಲೆ ಬಂದು ಸ್ವಲ್ಪ ಹೊತ್ತು ಹಾಲೂಡಿ ಹೋಗುತ್ತದೆ. ಅಲುಗದೆ ಕೂರುವುದೇ ಮರಿಗಿರುವ ರಕ್ಷಣೆ. ನಾನು ಯಾವುದನ್ನು ಅನಾಥತನ ಎಂದುಕೊಂಡೆನೋ ಅದು ತಾಯ್ತನದ ಒಂದು ರೀತಿಯಾಗಿತ್ತು.

ಆ ಸಂಜೆ ಬಂದದ್ದು ಅದರ ತಾಯಿಯೇ? ನನಗೆ ಎಂದೂ ತಿಳಿಯುವುದಿಲ್ಲ. ಆದರೆ ತಾಯಿಯೇ ಆಗಿದ್ದರೆ, ಒಂದು ಜೀವದ ಹುಡುಕಾಟವನ್ನು ನಾನು ನೋಟವಾಗಿ ಸವಿದೆ.

ನಮ್ಮ ತರ್ಕಶಾಸ್ತ್ರದಲ್ಲಿ ಇಲ್ಲದ ವಸ್ತುವಿಗೆ ಕೊಡುವ ಹಳೆಯ ಉದಾಹರಣೆ ಮೊಲದ ಕೊಂಬು. ಅದರ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡವಳು ನಾನು. ಆ ಮರಿಯ ತಬ್ಬಲಿತನವೂ ಅಂಥದ್ದೇ ಒಂದು ಕೊಂಬು. ನಾನೇ ಅದರ ತಲೆಗೆ ಇಟ್ಟದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಮೊಂಡುವಾದ ಮಾಡುವವರಿಗೆ ಹೇಳುತ್ತೇವೆ. ಕರುಣೆಗೂ ಅಂಥ ಮೊಂಡುತನ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಹಾಗಾದರೆ ಒಳ್ಳೆಯ ಉದ್ದೇಶಕ್ಕೆ ಬೆಲೆಯಿಲ್ಲವೇ? ಹಿಂದೆ ನಮ್ಮ ದೊಡ್ಡಮಾವ ಇದೇ ಬೀಳಿನಲ್ಲಿ ಉರುಳು ಒಡ್ಡುತ್ತಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಆದರೆ ಮೊಲ ಯಾವ ಹೊತ್ತಿಗೆ ಏಳುತ್ತದೆ, ಯಾವ ಜಾಡಿನಲ್ಲಿ ಹಿಂದಿರುಗುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ. ಅವನು ತಿಳಿದು ಕೊಂದ, ನಾನು ತಿಳಿಯದೆ ಕೊಂದೆ. ಅವನಿಗಿಂತ ನಾನು ಮೇಲು ಎನ್ನಲು ಆಸೆಯಾಗುತ್ತದೆ. ಸತ್ತ ಮರಿಗೆ ಆ ವ್ಯತ್ಯಾಸದಿಂದ ಏನೂ ದಕ್ಕಲಿಲ್ಲ. ಹಾಗೆಂದು ಇಬ್ಬರೂ ಒಂದೇ ಎನ್ನಲೂ ಆಗದು. ಅವನ ತಿಳಿವಳಿಕೆ ಅವನ ಸಾರಿನ ಪಾತ್ರೆಯಲ್ಲಿ ಮುಗಿಯುತ್ತಿತ್ತು. ನನ್ನ ಪ್ರೀತಿ ಮಾತ್ರ ತಪ್ಪೊಪ್ಪಿಕೊಂಡು ಕಲಿಯಬಲ್ಲದು. ಕಲಿಯದಿದ್ದರೆ ಅದೂ ಒಂದು ಉರುಳೇ.

ಇವರಿಬ್ಬರ ನಡುವೆ ಅಜ್ಜಿ ಇದ್ದಾಳೆ. ಮೊಲ ನೋಡಿ ಅವಳೆಂದೂ ಹಿಗ್ಗಿದವಳಲ್ಲ. ಕಡಲೆಯ ಎಳೆ ಸಸಿ ಮೇಯ್ದು ಹೋದ ಬೆಳಗ್ಗೆ ಬಾಯಿತುಂಬ ಬೈಯುತ್ತಾಳೆ. ನನ್ನ ಹತ್ತು ನಿಮಿಷದ ಖುಷಿಗೆ ಸಾಲಿನಲ್ಲಿ ನಷ್ಟ ಉಣ್ಣುವವಳು ಅವಳು. ಇದೂ ನನಗೆ ತಡವಾಗಿ ಹೊಳೆದದ್ದು. ಆದರೂ ಮರಿಯನ್ನು ಅದರ ಪಾಡಿಗೆ ಬಿಡಬೇಕೆಂದು ಗೊತ್ತಿದ್ದದ್ದು ಅವಳಿಗೇ. ಪ್ರೀತಿಯ ಮಾತೇ ಆಡದೆ, ಇನ್ನೊಂದು ಜೀವಕ್ಕೆ ಅದರದೇ ಬದುಕಿದೆ ಎಂದು ಒಪ್ಪಿಕೊಳ್ಳುವುದು ಸಾಧ್ಯ. ಆನಂದಕ್ಕಿಂತ ಮೊದಲು ಬೇಕಾದದ್ದು ಆ ಒಪ್ಪಿಗೆ ಎಂದು ಈಗ ಅನ್ನಿಸುತ್ತದೆ.

ಈ ವರ್ಷ ಮತ್ತೆ ಮೊಲ ಬರುತ್ತಿದೆ. ಸಂಜೆ ಹಿತ್ತಲಿನ ದೀಪ ಹಾಕುವುದಿಲ್ಲ, ತಿನ್ನಲು ಏನೂ ಇಡುವುದಿಲ್ಲ. ಬಿತ್ತನೆಯ ತಿಂಗಳಲ್ಲಿ ಅಜ್ಜಿಯ ಜೊತೆ ನಿಂತು ಹೊಲದಂಚಿಗೆ ಮುಳ್ಳುಕೊಂಬೆ ಎಳೆದಿದ್ದೇನೆ. ನೋಡುವುದನ್ನು ಬಿಟ್ಟಿಲ್ಲ, ಸಂತೋಷವೂ ಕಡಿಮೆಯಾಗಿಲ್ಲ. ಆದರೆ ಅದು ಎಂದಿಗಿಂತ ಹತ್ತಿರ ಬಂದ ದಿನ ಮೊದಲು ಹಿಗ್ಗುವುದಿಲ್ಲ. ಯಾಕೆ ಬಂತು ಎಂದು ಯೋಚಿಸುತ್ತೇನೆ.