ಚಹಾ ಗಂಡು, ಕಾಫಿ ಹೆಣ್ಣು

ಮರಾಠಿಯಲ್ಲಿ ಚಹಾ ಗಂಡು, ಕಾಫಿ ಹೆಣ್ಣು, ಎರಡಕ್ಕೂ ಬೆರೆಸುವ ಹಾಲು ನಪುಂಸಕ. ಜೀವವಿಲ್ಲದ್ದನ್ನೆಲ್ಲ ‘ಅದು’ ಎಂದು ಕರೆದು ನಿಶ್ಚಿಂತರಾಗಿರುವ ನಮ್ಮಂಥವರು ಮುಂಬಯಿಗೆ ಬಂದು ಬಾಯಿ ತೆರೆದ ಕೂಡಲೇ ಸಿಕ್ಕಿಬೀಳುವುದು ಇಲ್ಲೇ. ಇಪ್ಪತ್ತು ವರ್ಷ ಕಳೆದರೂ ಕುರ್ಚಿಯ ಲಿಂಗ ತಪ್ಪುತ್ತದೆ. ಈ ಎಡವಟ್ಟನ್ನೇ ಹಿಡಿದು ಮಹಾರಾಷ್ಟ್ರವನ್ನೆಲ್ಲ ನಗಿಸಿದವರು ಪು.ಲ. ದೇಶಪಾಂಡೆ (1919–2000).

ಊರಲ್ಲಿರುವ ನಿಮಗೆ ಅವರ ಪರಿಚಯ ಅಷ್ಟಾಗಿ ಇರಲಿಕ್ಕಿಲ್ಲ. 1960ರ ದಶಕದಲ್ಲಿ ‘ಬಟಾಟ್ಯಾಚೀ ಚಾಳ’ ಎಂಬ ಏಕಪಾತ್ರ ಪ್ರಯೋಗದಲ್ಲಿ ಒಬ್ಬರೇ ನಿಂತು ಮುಂಬಯಿಯ ಒಂದು ಚಾಳಿನ ಸಂಸಾರಗಳನ್ನೆಲ್ಲ ರಂಗದ ಮೇಲೆ ತಂದರು. ಅದಕ್ಕೂ ಮೊದಲು ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಸಿಕ್ಕ ಗೆಳೆಯರೊಬ್ಬರ ಮೇಲೆ ಬರೆದ ವ್ಯಕ್ತಿಚಿತ್ರವೇ ‘ರಾವಸಾಹೇಬ’. ಈ ರಾವಸಾಹೇಬರದು ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದ ಮರಾಠಿ. ಲಿಂಗ ತಪ್ಪು, ಬೈಗುಳ ಧಾರಾಳ. ಪು.ಲ. ಅದನ್ನು ತಾವೇ ಅಭಿನಯಿಸಿ ಓದಿದ ಧ್ವನಿಮುದ್ರಣ ಇಂದಿಗೂ ಮರಾಠಿ ಮನೆಗಳಲ್ಲಿ ಕೇಳಿಬರುತ್ತದೆ.

ಅದನ್ನು ಕೇಳಿ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನೇ. ಆದರೆ ಹಿಂದೆ ನಾನು ದುಡಿಯುತ್ತಿದ್ದ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಅದೇ ಧಾಟಿಯಲ್ಲಿ ನನ್ನ ಮರಾಠಿಯನ್ನು ಆಡಿ ತೋರಿಸುತ್ತಿದ್ದ. ಅದೇ ತಪ್ಪು, ಅದೇ ರಾಗ. ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಅಲ್ಲಿ ಬಂದ ನಗು ಇಲ್ಲೇಕೆ ಬರಲಿಲ್ಲ?

ಪು.ಲ. ಪ್ರೀತಿಯಿಂದ ಆಡಿದರು, ಇವನು ಕುಹಕದಿಂದ ಆಡಿದ ಅಂತ ಹೇಳಿ ಮುಗಿಸಬಹುದು. ನನಗೆ ಅಷ್ಟು ಸಾಲದು. ಪ್ರೀತಿಯನ್ನು ಅಳೆಯುವವರು ಯಾರು? ಅವನೂ ‘ಅರೇ, ಗಮ್ಮತ್ತಿಗೆ ಅಂದೆ ಮಾರಾಯಾ’ ಅಂತ ಹೆಗಲ ಮೇಲೆ ಕೈ ಹಾಕುತ್ತಿದ್ದ.

ಏಕಪಾತ್ರದ ಕಸುಬನ್ನೇ ಸ್ವಲ್ಪ ನೋಡೋಣ. ಹತ್ತು ಜನರ ನಾಟಕದಲ್ಲಿ ಪ್ರತಿ ಪಾತ್ರಕ್ಕೂ ಒಂದು ಮೈ ಇದೆ. ಪೆದ್ದನ ಪಾತ್ರಧಾರಿಯೂ ತನ್ನ ಪಾಲಿನ ಮಾನ ಉಳಿಸಿಕೊಳ್ಳಲು ಹೆಣಗುತ್ತಾನೆ. ಔರಂಗಾಬಾದಿನ ಲಕ್ಷ್ಮಣ ದೇಶಪಾಂಡೆಯವರು (2009ರಲ್ಲಿ ತೀರಿಕೊಂಡರು) ಲಂಡನ್ನಿಗೆ ಹೊರಟ ಮದುವೆ ದಿಬ್ಬಣದ ನಾಟಕ ‘ವರ್ಹಾಡ ನಿಘಾಲಯ್ ಲಂಡನ್‌ಲಾ’ದಲ್ಲಿ 52 ಪಾತ್ರಗಳನ್ನು ಒಬ್ಬರೇ ಮಾಡುತ್ತಿದ್ದರು. ಅದರಲ್ಲಿ ಬರುವ ಮರಾಠವಾಡದ ಹಳ್ಳಿಗರ ಪರವಾಗಿ ಮಾತಾಡಲು ರಂಗದ ಮೇಲೆ ಇನ್ನೊಬ್ಬರಿಲ್ಲ. ಎದುರಿಗಿಲ್ಲದವನ ನಾಲಿಗೆಯನ್ನು ಎರವಲು ತಂದವನೇ ಅವನ ವಕೀಲಿಕೆಯನ್ನೂ ಮಾಡಬೇಕು. ‘ರಾವಸಾಹೇಬ’ದಲ್ಲಿ ಅದು ನಡೆಯುತ್ತದೆ. ತಪ್ಪು ಮರಾಠಿಯ ಜೊತೆಜೊತೆಗೇ ಅವರ ಸಂಗೀತದ ಹುಚ್ಚು, ನಾಟಕದ ಹುಚ್ಚು, ದೊಡ್ಡ ಮನಸ್ಸು ಎಲ್ಲ ಬರುತ್ತದೆ. ಕೊನೆಗೆ ಅವರ ಸಾವಿನ ಮಾತು ಬಂದಾಗ ನಗುತ್ತಿದ್ದವರೆಲ್ಲ ಸುಮ್ಮನಾಗುತ್ತಾರೆ. ನಮ್ಮ ಡಬ್ಬಿಯ ಹೊತ್ತಿನ ನಟನಿಗೆ ನನ್ನಲ್ಲಿ ಕಂಡದ್ದು ಕುರ್ಚಿಯ ಲಿಂಗವೊಂದೇ. ನನ್ನ ಊರು ಯಾವುದು ಅಂತ ಅವನು ಒಮ್ಮೆಯೂ ಕೇಳಿರಲಿಲ್ಲ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಆ ಧಾಟಿ ಅವನಿಗೆ ಸಿಕ್ಕಿದ್ದು ಪು.ಲ. ಧ್ವನಿಯಿಂದಲೇ. ನಟ ಇಡೀ ಮನುಷ್ಯನನ್ನು ಕೊಟ್ಟ, ಕೇಳಿದವನು ಬರೀ ಉಚ್ಚಾರವನ್ನು ಮನೆಗೆ ಒಯ್ದ. ಇದಕ್ಕೆ ನಟನನ್ನು ಹೊಣೆ ಮಾಡಲಾಗದು ಅಂತಲೇ ನನ್ನ ಅಭಿಪ್ರಾಯ. ಮಾಡಿದರೆ ಪ್ರತಿಯೊಬ್ಬನೂ ತನ್ನ ಓಣಿ, ತನ್ನ ಜಾತಿಯ ಮಾತನ್ನೇ ಆಡಿಕೊಂಡು ಕೂರಬೇಕಾದೀತು.

ನಮ್ಮ ಕನ್ನಡದ ನಗೆನಾಟಕ, ಸಿನಿಮಾಗಳ ಮಾರ್ವಾಡಿ ಸೇಠ್, ಮಲಯಾಳಿ ನರ್ಸು, ರಾತ್ರಿ ಸೀಟಿ ಊದುವ ಗೂರ್ಖಾ ಇವರನ್ನೂ ಸ್ವಲ್ಪ ನೆನೆಯಿರಿ. ಎಷ್ಟೋ ಕಡೆ ಅವರಿಗೆ ಉಚ್ಚಾರ ಬಿಟ್ಟರೆ ಒಂದು ಹೆಸರೂ ಇರುವುದಿಲ್ಲ. ಇಲ್ಲಿನ ಕನ್ನಡ ಸಂಘದ ಸಭಾಂಗಣದಲ್ಲಿ ಅಂಥ ಪಾತ್ರಕ್ಕೆ ಜನ ಚಪ್ಪಾಳೆ ತಟ್ಟುವುದನ್ನು ಬಹಳ ಸಲ ಕಂಡಿದ್ದೇನೆ. ಅವರಲ್ಲಿ ಬಹುಮಂದಿ ಮರುದಿನ ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ ‘ಮದ್ರಾಸಿ’ ಅಂತ ಕರೆಸಿಕೊಳ್ಳುವವರು.