ದಂಡವೆಂಬ ಮಾತು

ದಂಡವೆಂದರೆ ಕನ್ನಡದಲ್ಲಿ ಕೋಲೂ ಹೌದು, ಶಿಕ್ಷೆಯೂ ಹೌದು. ಕೋಲನ್ನೆತ್ತಿದವನು ‘ನಿಲ್ಲು, ಇಲ್ಲದಿದ್ದರೆ ಪೆಟ್ಟು’ ಎನ್ನುತ್ತಾನೆ. ಎದುರಿನವನು ಆ ‘ಇಲ್ಲದಿದ್ದರೆ’ಯ ಅರ್ಥವನ್ನರಿತು, ನಿಲ್ಲುವುದೋ ಓಡುವುದೋ ತೀರ್ಮಾನಿಸುತ್ತಾನೆ. ಲಾಠಿಗೆ ಏನಾದರೂ ನ್ಯಾಯವಿದ್ದರೆ ಅದಿರುವುದು ಈ ತೀರ್ಮಾನದಲ್ಲಿ. ತೀರ್ಮಾನಿಸುವ ಶಕ್ತಿಯನ್ನೇ ರೋಗ ಕಸಿದುಕೊಂಡವನ ಮುಂದೆ ಎತ್ತಿದ ಕೋಲಿಗೆ ಯಾವ ನ್ಯಾಯವುಂಟು?

ನೆಲಮಂಗಲದ ಬಸ್ ನಿಲ್ದಾಣದಲ್ಲಿ ಹರಕು ಬಟ್ಟೆಯವನೊಬ್ಬ, ತನಗೆ ಮಾತ್ರ ಕೇಳಿಸುವ ಯಾವುದೋ ದನಿಗೆ ಉತ್ತರ ಕೊಡುತ್ತ, ಕೈಯಲ್ಲೊಂದು ಕಲ್ಲು ಹಿಡಿದು ನಿಂತಿದ್ದಾನೆಂದು ಇಟ್ಟುಕೊಳ್ಳೋಣ. ಅಂಗಡಿಯವರು 112ಕ್ಕೆ ಫೋನು ಮಾಡುತ್ತಾರೆ. ಪೇದೆ ಬಂದು ಗದರುತ್ತಾನೆ. ಕಿವಿಯಲ್ಲಿ ಆಗಲೇ ಗದರುತ್ತಿರುವ ದನಿಗಳ ಜೊತೆಗೆ ಇದೂ ಒಂದು ಸೇರುತ್ತದೆ, ಅಷ್ಟೆ; ಕಲ್ಲಿನ ಮೇಲಿನ ಹಿಡಿತ ಬಿಗಿಯಾಗುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಹೇಳಿ ನಾವು ನಗುತ್ತೇವಲ್ಲವೆ? ಇಲ್ಲಿ ನಗುವಂಥದೇನಿಲ್ಲ. ಅವನು ಶಾಂತನಾಗದೆ ಲಾಠಿ ಇಳಿಯದು, ಲಾಠಿ ಇಳಿಯದೆ ಅವನು ಶಾಂತನಾಗಲಾರ. ಇಬ್ಬರಲ್ಲಿ ಬುದ್ಧಿ ಸ್ವಸ್ಥವಾಗಿರುವವನೇ ಮೊದಲು ತಗ್ಗಬೇಕೆಂಬುದರಲ್ಲಿ ನನಗಂತೂ ಸಂಶಯವಿಲ್ಲ.

ಕಲ್ಲಿನ ಬದಲು ಮಚ್ಚಿದ್ದರೆ? ಪಕ್ಕದಲ್ಲೊಂದು ಮಗುವಿದ್ದರೆ? ಆಗ ಹಿಡಿಯಲೇಬೇಕು, ಬಲವಾಗಿಯೇ ಹಿಡಿಯಬೇಕು. ಜ್ವರದ ಸನ್ನಿಯಲ್ಲಿ ಹೊರಳಾಡುವವನನ್ನು ಮನೆಯವರು ಮಂಚದಿಂದ ಬೀಳದಂತೆ ಅದುಮಿ ಹಿಡಿಯುತ್ತಾರೆ, ಯಾರೂ ಹೊಡೆಯುವುದಿಲ್ಲ. ಅಪಾಯ ಕಳೆದೊಡನೆ ಹಿಡಿತ ಸಡಿಲುತ್ತದೆ. ಹೊಡೆತವಾದರೋ, ಕಲ್ಲು ಕೈಬಿಟ್ಟ ಮೇಲೂ ಎರಡು ಬೀಳುತ್ತದೆ. ಆ ಎರಡು ಯಾವ ಲೆಕ್ಕದ್ದು?

ಅಲೆಯುವ ಮನೋರೋಗಿಯನ್ನು ಪೋಲೀಸರು ‘ಬಂಧಿಸಬಹುದು’ ಎಂದಿತ್ತು, ಬ್ರಿಟಿಷರ 1912ರ ಕಾಯಿದೆ. 1987ರ ಕಾಯಿದೆ ಆ ಮಾತನ್ನು ಬಿಟ್ಟು ‘ರಕ್ಷಣೆ’ ಎಂದಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೆಯ ಪ್ರಕರಣ ಇನ್ನೂ ಮುಂದೆ ಹೋಗಿದೆ: ತನ್ನನ್ನು ತಾನು ನೋಡಿಕೊಳ್ಳಲಾರದವನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ, ಲಾಕಪ್ಪಿನಲ್ಲಿಡಕೂಡದು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ವರೆಗೆ ಓಡಬೇಕಾಗಿಲ್ಲ, ದೊಡ್ಡಬಳ್ಳಾಪುರದವನಿಗೆ ಅಲ್ಲಿಯದೇ ಆಸ್ಪತ್ರೆ ಇದೆ. ಏಕೆ ಕರೆದೊಯ್ಯುತ್ತಿದ್ದೇವೆಂದು ಆ ರೋಗಿಗೆ ತಿಳಿಸಬೇಕೆಂದೂ, ಅವನಿಗೆ ಅರ್ಥವಾಗದಿದ್ದರೆ ಅವನ ಪರವಾಗಿ ನಿಂತವರಿಗೆ ತಿಳಿಸಬೇಕೆಂದೂ ಅಲ್ಲಿ ಬರೆದಿದೆ. ಕಾನೂನಿನ ಒಣ ಭಾಷೆಯಲ್ಲಿ ಇಷ್ಟು ಮನುಷ್ಯತ್ವ ಅಪರೂಪ.

ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಚಾಕು ಹಿಡಿದಿದ್ದ ಮನೋರೋಗಿಯೊಬ್ಬ ಪೋಲೀಸರ ಗುಂಡಿಗೆ ಬಲಿಯಾದ. ಮರುವರ್ಷವೇ ಅಲ್ಲಿನವರು ಇಂಥ ಕರೆಗಳಿಗೆಂದು ವಿಶೇಷ ತರಬೇತಿ ಪಡೆದ ಪೋಲೀಸರ ತಂಡವನ್ನು ಕಟ್ಟಿದರು. ಮೆತ್ತಗೆ ಮಾತಾಡುವುದು, ದೂರ ನಿಲ್ಲುವುದು, ಕಾಯುವುದು ಇವು ಕಲಿಸಿದರೆ ಬರುವ ವಿದ್ಯೆಗಳು.

ಆದರೆ ಪೇದೆ ಕಾಯುವುದನ್ನು ಕಲಿತರೂ ನಾವು ಬಿಡಬೇಕಲ್ಲ! ಫೋನು ಮಾಡಿದ ನಮಗೆ ಬೇಕಾದದ್ದು ಅವನಿಗೆ ವಾಸಿಯಾಗುವುದೋ, ಅವನು ಅಂಗಡಿಯ ಮುಂದಿನಿಂದ ತೊಲಗುವುದೋ? ಸುತ್ತ ನೆರೆದವರಲ್ಲಿ ಯಾರಾದರೊಬ್ಬರು ‘ಎರಡು ಬಿಡಿ ಸಾರ್, ಸರಿಹೋಗ್ತಾನೆ’ ಎನ್ನುವುದನ್ನು ಕೇಳದವರು ಯಾರಿದ್ದಾರೆ?